ಸೋಲಿನ ಕಥೆಗೂ ತರಗತಿಯಲ್ಲಿ ಜಾಗವಿರಲಿ

ಫಲಿತಾಂಶದ ಕಾಲ ಬಂತೆಂದರೆ ಮೈಸೂರಿನ ವೃತ್ತಗಳಲ್ಲಿ ತರಬೇತಿ ಸಂಸ್ಥೆಗಳ ಫಲಕಗಳು ಮೇಲೇಳುತ್ತವೆ. ರ‍್ಯಾಂಕ್ ಗಳಿಸಿದವರ ನಗುಮುಖ, ಅದರ ಕೆಳಗೊಂದು ಅಂಕಿ. ಆ ಅಂಕಿಗೆ ಮುನ್ನ ಅವರು ಎಷ್ಟು ಕಿರುಪರೀಕ್ಷೆಗಳಲ್ಲಿ ಎಡವಿದ್ದರು, ಎದೆಗುಂದಿದ ಮೇಲೆ ಮತ್ತೆ ಪುಸ್ತಕ ಹಿಡಿದದ್ದು ಹೇಗೆ ಎಂಬುದನ್ನು ಯಾವ ಫಲಕವೂ ಹೇಳುವುದಿಲ್ಲ. ಹೆಗ್ಗಡದೇವನಕೋಟೆಯಿಂದಲೋ ಚಾಮರಾಜನಗರದಿಂದಲೋ ಬಂದು ಹಾಸ್ಟೆಲ್ ಸೇರಿದ ವಿದ್ಯಾರ್ಥಿಗೆ ಬೇಕಾದದ್ದು ಹೀಗೆ ಹೇಳದೆ ಉಳಿದ ಕಥೆಯೇ.

ಕಥೆಯ ಮೂಲಕ ಕಲಿಸುವುದು ನಮಗೆ ಹೊಸತಲ್ಲ. ಓದು ಹತ್ತದ ರಾಜಕುಮಾರರನ್ನು ವಿಷ್ಣುಶರ್ಮ ಕಥೆಗಳಿಂದಲೇ ತಿದ್ದಿದನೆನ್ನುತ್ತದೆ ಪಂಚತಂತ್ರ. ಹನ್ನೊಂದನೆಯ ಶತಮಾನದಲ್ಲೇ ದುರ್ಗಸಿಂಹ ಪಂಚತಂತ್ರವನ್ನು ಕನ್ನಡಕ್ಕೆ ತಂದ. ಇಂದಿನ ಮನಶ್ಶಾಸ್ತ್ರವೂ ಈ ಮಾರ್ಗಕ್ಕೆ ಪುಷ್ಟಿ ನೀಡುತ್ತದೆ. ಅಮೆರಿಕದ ಗ್ರೆಗರಿ ವಾಲ್ಟನ್ ಮತ್ತು ಜೆಫ್ರಿ ಕೋಹೆನ್ 2011ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. ಕಾಲೇಜಿಗೆ ಹೊಸದಾಗಿ ಸೇರಿದವರಿಗೆ ಹಿರಿಯ ವಿದ್ಯಾರ್ಥಿಗಳ ಅನುಭವವನ್ನು ಓದಿಸಲಾಯಿತು: ತಾವು ಇಲ್ಲಿಗೆ ಸಲ್ಲದವರೆಂಬ ಅಳುಕು ಮೊದಲ ವರ್ಷ ಬಹುತೇಕರನ್ನು ಕಾಡುತ್ತದೆ, ಕ್ರಮೇಣ ಕರಗುತ್ತದೆ. ಬಳಿಕ ಹೊಸಬರಿಂದ ಅವರದೇ ಅನುಭವವನ್ನು ಬರೆಸಲಾಯಿತು. ಸುಮಾರು ಒಂದು ಗಂಟೆಯ ಈ ಅಭ್ಯಾಸದ ನಂತರ, ಕಪ್ಪುವರ್ಣೀಯ ವಿದ್ಯಾರ್ಥಿಗಳ ಅಂಕಗಳು ಮುಂದಿನ 3 ವರ್ಷಗಳಲ್ಲಿ ಏರಿದವು. ತಮ್ಮ ಆರೋಗ್ಯವೂ ಉತ್ತಮವಾಗಿದೆಯೆಂದು ಅವರು ಹೇಳಿಕೊಂಡರು.

ಇಂಥ ಕಥೆಗಾಗಿ ನಾವು ದೂರ ಹೋಗಬೇಕಿಲ್ಲ. ಆರ್.ಕೆ. ನಾರಾಯಣ್ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ಅನುತ್ತೀರ್ಣರಾದವರು. ಅದೂ ಮುಖ್ಯೋಪಾಧ್ಯಾಯರ ಮಗ! ಮನೆಯಲ್ಲೇ ಕಳೆದ ಆ ವರ್ಷವನ್ನು ಅವರು ಓದಿಗೂ ಬರವಣಿಗೆಗೂ ಮೀಸಲಿಟ್ಟರು. ಮುಂದೆ ಮಹಾರಾಜ ಕಾಲೇಜಿನಲ್ಲಿ ಬಿ.ಎ. ಮುಗಿಸಿದರು; 1935ರಲ್ಲಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಹೊರಬಂತು. ಯಾದವಗಿರಿಯ ಅವರ ಮನೆ ಇಂದು ವಸ್ತುಸಂಗ್ರಹಾಲಯ. ಆದರೆ ಮಕ್ಕಳಿಗೆ ಹೇಳಬೇಕಾದದ್ದು ಅವರ ಖ್ಯಾತಿಯ ಕಥೆಯನ್ನಲ್ಲ, ಆ ಒಂದು ವರ್ಷದ ಕಥೆಯನ್ನು.

ಏಕೆಂದರೆ ಸಾಧಕರ ಕಥೆ ಚಾಟಿಯಾಗಲು ಹೆಚ್ಚು ಹೊತ್ತು ಬೇಡ. ‘ಅವರಿಗೆ ಸಾಧ್ಯವಾದದ್ದು ನಿನಗೇಕೆ ಆಗದು?’ ಎಂಬ ಪ್ರಶ್ನೆ ಸೇರಿದೊಡನೆ ಅದು ಕಥೆಯಾಗಿ ಉಳಿಯದೆ ಛೀಮಾರಿಯಾಗುತ್ತದೆ. ಉತ್ತಮ ಬೋಧಕ ಕಥೆ ಹೇಳಿ ಸುಮ್ಮನಾಗುತ್ತಾನೆ. ವಿದ್ಯಾರ್ಥಿ ತನ್ನ ಕಥೆ ಹೇಳುವವರೆಗೂ ಕಾಯುತ್ತಾನೆ. ಹೇಳಲೇಬೇಕೆಂಬ ಒತ್ತಾಯವೂ ಸಲ್ಲದು. ತೀವ್ರ ಖಿನ್ನತೆಗೆ ಒಳಗಾದವರಿಗೆ ಕಥೆ ಸಾಲದು, ತಜ್ಞರ ನೆರವು ಬೇಕು.

ಪಠ್ಯ ಮುಗಿಸಲೇ ಸಮಯವಿಲ್ಲ ಎಂಬ ಆಕ್ಷೇಪ ಬರಬಹುದು. ವರ್ಷಾರಂಭದಲ್ಲಿ ಒಂದೇ ಒಂದು ತರಗತಿಯನ್ನು ಹಳೆಯ ವಿದ್ಯಾರ್ಥಿಗಳ ಸೋಲಿನ ಕಥೆಗಳಿಗೆ ಬಿಟ್ಟುಕೊಟ್ಟರೆ ಪಠ್ಯವೇನೂ ಹಿಂದುಳಿಯದು. ಅಳುಕು ಕಳೆದ ಮನಸ್ಸಿಗಷ್ಟೇ ಪಾಠ ಹತ್ತುತ್ತದೆ ಎಂಬುದನ್ನು ನಮ್ಮ ಪಿಯು ಕಾಲೇಜುಗಳೂ ತರಬೇತಿ ಸಂಸ್ಥೆಗಳೂ ಮನಗಾಣಬೇಕು.