‘ಎಲ್ಲವೂ ನಮ್ಮದೇ’ ಎನ್ನುವ ಮುನ್ನ

ಪ್ರವಾಸಿಗರು ಹೊಸದನ್ನು ಕಾಣಲು ದೂರ ಹೋಗುತ್ತಾರೆ ಎನ್ನುವುದು ಅರ್ಧ ಸತ್ಯ. ನಮ್ಮಲ್ಲಿ ಹಲವರು ಪರದೇಶದಲ್ಲಿಯೂ ಪರಿಚಿತವಾದುದನ್ನೇ ಹುಡುಕುತ್ತೇವೆ. ಅದು ಸಿಕ್ಕೊಡನೆ ಹಿಗ್ಗಿ, ನೋಡುವುದನ್ನೇ ನಿಲ್ಲಿಸಿಬಿಡುತ್ತೇವೆ. ಕಳೆದ ದೀಪಾವಳಿ ರಜೆಯಲ್ಲಿ ಥಾಯ್ಲೆಂಡಿನ ರಾಜಧಾನಿ ಬ್ಯಾಂಕಾಕಿಗೆ ಹೋದಾಗ ನಾನೂ ಹಾಗೆಯೇ ಇದ್ದೆ.

ನಾವು ಇಳಿದ ವಿಮಾನ ನಿಲ್ದಾಣದ ಹೆಸರು ಸುವರ್ಣಭೂಮಿ. ಅಲ್ಲಿಂದ ನಗರಕ್ಕೆ ಎತ್ತರದ ಹಳಿಯ ಮೇಲೆ ಓಡುವ ರೈಲು. ನಗರದೊಳಗೆ ಚಾವ್ ಫ್ರಯಾ ನದಿಯಲ್ಲಿ ಬಸ್ಸಿನಂತೆ ನಿಲ್ದಾಣದಿಂದ ನಿಲ್ದಾಣಕ್ಕೆ ಸಾಗುವ ದೋಣಿ. ದೋಣಿಯಿಂದ ಕಾಣುವ ಎತ್ತರದ ಗೋಪುರ ‘ವಾಟ್ ಅರುಣ್’, ಅಂದರೆ ಅರುಣನ ದೇಗುಲ. ಥಾಯ್ ಜನ ತಮ್ಮ ರಾಜಧಾನಿಯನ್ನು ‘ಕ್ರುಂಗ್ ಥೇಪ್’ ಎನ್ನುತ್ತಾರೆ. ನಮ್ಮ ‘ದೇವ’ನೇ ಅಲ್ಲಿ ‘ಥೇಪ್’ ಆಗಿದ್ದಾನೆ. ಆ ಹೆಸರಿನ ಪೂರ್ಣರೂಪ ಬಹು ದೀರ್ಘವಾದುದು. ಮಹಾನಗರ, ಅಮರ, ರತ್ನ, ಮಹೇಂದ್ರ, ಅಯೋಧ್ಯೆ, ವಿಶ್ವಕರ್ಮ ಎಲ್ಲವೂ ಅದರಲ್ಲಿವೆ. ಜೊತೆಗಿದ್ದವರು ಹೆಜ್ಜೆಹೆಜ್ಜೆಗೂ ‘ಎಲ್ಲವೂ ನಮ್ಮದೇ!’ ಎಂದು ಉದ್ಗರಿಸುತ್ತಿದ್ದರು. ವ್ಯುತ್ಪತ್ತಿ ಹೇಳಿ ಅವರ ಹುರುಪಿಗೆ ಶಾಸ್ತ್ರದ ಬೆಂಬಲ ಒದಗಿಸುತ್ತಿದ್ದವನು ನಾನು.

ಮೂರನೆಯ ದಿನ ಅರಮನೆಯ ಆವರಣದಲ್ಲಿರುವ ಮರಕತ ಬುದ್ಧನ ದೇಗುಲಕ್ಕೆ ಹೋದೆವು. ಅದರ ಸುತ್ತಿನ ಮೊಗಸಾಲೆಯ ಗೋಡೆಗಳ ಮೇಲೆ 178 ಭಿತ್ತಿಚಿತ್ರಗಳಲ್ಲಿ ರಾಮಕಥೆ ಹರಡಿಕೊಂಡಿದೆ. ಥಾಯ್ ಭಾಷೆಯಲ್ಲಿ ಅದರ ಹೆಸರು ‘ರಾಮಕಿಯೆನ್’. ಹನುಮಂತನ ಚಿತ್ರದ ಮುಂದೆ ನಾನು ಯಥಾಪ್ರಕಾರ ವಿವರಣೆಗೆ ತೊಡಗಿದೆ. ನಮಗೆ ಸ್ಥಳಗಳನ್ನು ತೋರಿಸುತ್ತಿದ್ದ ಥಾಯ್ ಯುವತಿ ನಕ್ಕು ಕೇಳಿದಳು: “ನಿಮ್ಮ ಹನುಮಂತನಿಗೆ ಮಗನಿದ್ದಾನೆಯೇ?” ಅವನು ಬ್ರಹ್ಮಚಾರಿ ಎಂದೆ. “ನಮ್ಮವನಿಗೆ ಇದ್ದಾನೆ, ಸರ್” ಎಂದಳು. ರಾಮಕಿಯೆನ್‌ನಲ್ಲಿ ಸೇತುವೆ ಕಟ್ಟುವುದನ್ನು ತಡೆಯಲು ಬಂದ ರಾವಣನ ಮಗಳು ಸುವರ್ಣಮತ್ಸ್ಯೆ ಹನುಮಂತನಿಗೆ ಒಲಿಯುತ್ತಾಳೆ. ಅವರ ಮಗ ಮಚ್ಚಾನು. ಹನುಮಂತನ ಬೆವರ ಹನಿಯನ್ನು ಮೀನು ನುಂಗಿ ಮಕರಧ್ವಜ ಹುಟ್ಟಿದ ಕಥೆ ನಮ್ಮಲ್ಲಿಯೂ ಇದೆ. ಅಲ್ಲಿ ಕಥೆಗಾರನು ಬ್ರಹ್ಮಚರ್ಯಕ್ಕೆ ಭಂಗ ಬಾರದಂತೆ ಕಾಯುತ್ತಾನೆ. ಥಾಯ್ ಕಥೆಗಾರನಿಗೆ ಆ ಚಿಂತೆಯೇ ಇಲ್ಲ.

ಅವಳ ಉತ್ತರ ನನ್ನನ್ನು ನಮ್ಮ ತರಗತಿಗೇ ಮರಳಿಸಿತು. ನಾಗಚಂದ್ರನ ‘ರಾಮಚಂದ್ರಚರಿತ ಪುರಾಣ’ದಲ್ಲಿ ರಾವಣನನ್ನು ಕೊಲ್ಲುವವನು ರಾಮನಲ್ಲ, ಲಕ್ಷ್ಮಣ. ಇದು ವಾಲ್ಮೀಕಿಯನ್ನು ತಪ್ಪಾಗಿ ಓದಿದ್ದರ ಫಲವಲ್ಲ, ಜೈನ ದೃಷ್ಟಿಯ ಆಯ್ಕೆ ಎಂದು ನಿಮಗೆ ಪ್ರತಿವರ್ಷ ಒತ್ತಿ ಹೇಳುವವನು ನಾನು. ಕನ್ನಡ ಕವಿಗೆ ಸಲ್ಲಿಸುವ ಆ ಗೌರವವನ್ನು ಥಾಯ್ ಕವಿಗೆ ಸಲ್ಲಿಸಲು ಮರೆತಿದ್ದೆ. 1767ರಲ್ಲಿ ಬರ್ಮಾದ ಸೇನೆ ಹಳೆಯ ರಾಜಧಾನಿ ಅಯುತ್ಥಯವನ್ನು ಸುಟ್ಟಾಗ ಅಲ್ಲಿನ ರಾಮಕಥೆಯ ಪ್ರತಿಗಳೂ ಬಹುಪಾಲು ನಾಶವಾದವು. 1782ರಲ್ಲಿ ಬ್ಯಾಂಕಾಕನ್ನು ರಾಜಧಾನಿಯಾಗಿ ಸ್ಥಾಪಿಸಿದ ಮೊದಲನೆಯ ರಾಮ ಎಂಬ ದೊರೆ 1797ರಲ್ಲಿ ರಾಮಕಿಯೆನ್ ರಚನೆಯನ್ನು ಕೈಗೊಂಡನು. ಸುಟ್ಟುಹೋದ ನಾಡನ್ನು ಮತ್ತೆ ಕಟ್ಟುವ ಕೆಲಸದ ಭಾಗವಾಗಿ ಬಂದ ಕಾವ್ಯವದು. ಅದನ್ನು ನಮ್ಮ ರಾಮಾಯಣದ ನಕಲು ಎಂದರೆ ಆ ನೋವು, ಆ ಶ್ರಮ ಎರಡೂ ಲೆಕ್ಕಕ್ಕೆ ಬಾರದೆ ಹೋಗುತ್ತವೆ.

ಪದಗಳ ವಿಷಯವೂ ಹೀಗೆಯೇ. ಅಂಗಡಿಗಳ ಫಲಕದಲ್ಲಿ ಫೋನ್ ಸಂಖ್ಯೆಯ ಮುಂದೆ ಒಂದು ಚಿಕ್ಕ ಪದವಿರುತ್ತದೆ. ಅದು ‘ಥೋರಸಪ್’ ಎಂಬುದರ ಹ್ರಸ್ವರೂಪ. ಮೂಲದಲ್ಲಿ ದೂರ ಮತ್ತು ಶಬ್ದ. ಕನ್ನಡ ‘ದೂರವಾಣಿ’ ಎಂದಿತು, ಮರಾಠಿ ‘ದೂರಧ್ವನಿ’ ಎಂದಿತು, ಥಾಯ್ ಶಬ್ದವನ್ನು ಆರಿಸಿಕೊಂಡಿತು. ಸಂಸ್ಕೃತದ ‘ಸತ್ತ್ವ’ ಅಲ್ಲಿ ‘ಸತ್’ ಎಂದಾಗಿ ಪ್ರಾಣಿ ಎಂಬ ಅರ್ಥವನ್ನು ಪಡೆದಿದೆ. ಸುವರ್ಣಭೂಮಿ ಎಂದೇ ಬರೆದರೂ ‘ಸುವನ್ನಫೂಮ್’ ಎಂದು ಉಚ್ಚರಿಸುತ್ತಾರೆ. ಕೇಶಿರಾಜನ ಅಪಭ್ರಂಶ ಪ್ರಕರಣವನ್ನು ಓದಿದ ನಿಮಗೆ ಇದು ಸುಲಭವಾಗಿ ತಿಳಿಯಬೇಕು: ಥಾಯ್ ಬರಹದಲ್ಲಿ ತತ್ಸಮವನ್ನು ಉಳಿಸಿಕೊಂಡು ಬಾಯಲ್ಲಿ ತದ್ಭವ ಮಾಡಿಕೊಂಡಿದೆ. ಅದು ಅಪಭ್ರಂಶವಾದರೆ ನಮ್ಮ ‘ಸಿರಿ’ಯೂ ‘ಬಸದಿ’ಯೂ ಅಪಭ್ರಂಶವೇ.

ಗಡಿಯಲ್ಲಿ ಬೆಳೆದ ನಮಗೆ ಈ ಪಾಠವನ್ನು ಬ್ಯಾಂಕಾಕ್ ಕಲಿಸಬೇಕಾಗಿರಲಿಲ್ಲ. ನಾನು ಓದಿದ ಶಾಲೆಯಲ್ಲಿ ಎರಡೂ ಭಾಷೆಗಳಿದ್ದವು. ಮರಾಠಿಯ ‘ತೂಪ’ ನಮ್ಮ ತುಪ್ಪದಿಂದ, ಅವರ ‘ಅಕ್ಕಾ’ ನಮ್ಮ ಅಕ್ಕನಿಂದ ಬಂದದ್ದೆಂದು ಕನ್ನಡದ ತಾಸಿನಲ್ಲಿ ಕೇಳಿ ಎದೆಯುಬ್ಬಿಸಿಕೊಂಡೆವು. ಕನ್ನಡದಲ್ಲಿ ಸಂಸ್ಕೃತವನ್ನು ಕಳೆದರೆ ಉಳಿಯುವುದೇನು ಎಂದು ಮುಂದಿನ ತಾಸಿನಲ್ಲಿ ಯಾರೋ ಅಂದಾಗ ಅದೇ ಎದೆ ಕುಗ್ಗಿತು. ವಿಠ್ಠಲ ಯಾರವನೆಂಬ ವಾದ ಇಂದಿಗೂ ನಮ್ಮ ಚಹದಂಗಡಿಗಳಲ್ಲಿ ಮುಗಿದಿಲ್ಲ. ‘ನಿಮ್ಮದೆಲ್ಲ ನಮ್ಮಿಂದ ಬಂದದ್ದು’ ಎಂಬ ಮಾತು ಕೇಳುವವನಿಗೆ ಹೇಗೆ ಚುಚ್ಚುತ್ತದೆಂದು ಬಲ್ಲ ನಾವು, ಟಿಕೆಟು ಕೊಂಡು ಹೋಗಿ ಅದನ್ನೇ ಇನ್ನೊಬ್ಬರ ಅಂಗಳದಲ್ಲಿ ಆಡಿ ಬರುವುದು ತರವೇ?

ಹಾಗಾದರೆ ನಂಟನ್ನೇ ಹೇಳಬಾರದೇ ಎಂದು ನೀವು ಕೇಳಬಹುದು. ಖಂಡಿತ ಹೇಳಬೇಕು. ಥಾಯ್ ಲಿಪಿಯ ಹಿಂದೆ ಖ್ಮೇರ್ ಲಿಪಿ, ಅದರ ಹಿಂದೆ ದಕ್ಷಿಣ ಭಾರತದ ಪಲ್ಲವ ಲಿಪಿ ಇವೆ; ಅವರ ಬೌದ್ಧಧರ್ಮಕ್ಕೆ ಶ್ರೀಲಂಕೆಯ ನಂಟಿದೆ. ನಂಟು ನಿಜವಾದುದರಿಂದಲೇ ಅದನ್ನು ಒಡೆತನವೆಂದು ತಿಳಿಯಬಾರದು. ವಾಟ್ ಅರುಣದ ಹೆಸರು ನಮಗೆ ಪರಿಚಿತ. ಗೋಪುರದ ಮಾದರಿ ಖ್ಮೇರರಿಂದ ಬಂದದ್ದು. ಅದರ ಮೈಗೆ ಹುದುಗಿಸಿದ ಪಿಂಗಾಣಿಯ ಚೂರುಗಳು ಚೀನದವು. ಇವನ್ನೆಲ್ಲ ಕೂಡಿಸಿ ಆ ನದಿಯ ದಂಡೆಯ ಮೇಲೆ ನಿಲ್ಲಿಸಿದವರು ಥಾಯ್ ಜನ.

ಮರಳಿ ಬರುವಾಗ ವಿಮಾನ ನಿಲ್ದಾಣದೊಳಗೆ ಸಮುದ್ರಮಥನದ ದೊಡ್ಡ ಶಿಲ್ಪವನ್ನು ಕಂಡೆವು. ಜೊತೆಯವರು ಮತ್ತೆ ಅದೇ ಉದ್ಗಾರ ತೆಗೆದರು. ನಾನು ಈ ಸಲ ವ್ಯುತ್ಪತ್ತಿ ಹೇಳಲಿಲ್ಲ. ಕಿರೀಟಗಳನ್ನು ನೋಡಿರಿ ಎಂದೆ. ಅವು ನಮ್ಮ ಗುಡಿಗಳ ಕಿರೀಟಗಳಲ್ಲ, ಥಾಯ್ ಕಿರೀಟಗಳು. ನೀವೂ ನಾಳೆ ಎಲ್ಲಿಗಾದರೂ ಹೋಗುವಿರಿ. ಪರಿಚಿತವಾದುದು ಕಂಡಾಗ ಸಂತೋಷಪಡಿರಿ. ಆದರೆ ‘ಇದು ಎಲ್ಲಿಂದ ಬಂತು’ ಎಂಬ ಪ್ರಶ್ನೆಗೇ ನಿಲ್ಲದೆ, ‘ಇವರು ಇದನ್ನು ಏನು ಮಾಡಿಕೊಂಡರು’ ಎಂದು ಅಲ್ಲಿಯವರನ್ನೇ ಕೇಳಿರಿ.