ಶರೀರ ವಿಚಾರ: ಕೈಕಾಲುಗಳ ಎರಡು ಮೂಲಗಳು

ತೋಳಿನಲ್ಲಿ ಎಲುಬೂ ಮಾಂಸಖಂಡವೂ ಅಗಲದಂತೆ ಕೂಡಿಕೊಂಡಿರುವುದನ್ನು ನೋಡಿ, ಇವೆರಡೂ ಒಂದೇ ಮೂಲದಿಂದ ಹುಟ್ಟಿದುವೆಂದು ನಾವು ಭಾವಿಸುವುದು ಸಹಜವೇ. ಆದರೆ ವಸ್ತುಸ್ಥಿತಿಯು ಬೇರೆಯಾಗಿದೆ.

ಗರ್ಭಾಂಕುರವಾದ ನಾಲ್ಕನೆಯ ವಾರದಲ್ಲಿ ಶಿಶುಪಿಂಡದ ಪಕ್ಕಗಳಲ್ಲಿ ಕೈಗಳ ಮೊಗ್ಗುಗಳು ಮೂಡುತ್ತವೆ. ಒಂದೆರಡು ದಿನಗಳಲ್ಲಿ ಕಾಲುಗಳವೂ ತೋರುತ್ತವೆ. ಎಂಟನೆಯ ವಾರ ಮುಗಿಯುವುದರೊಳಗೆ ಬೆರಳುಗಳು ಬಿಡಿಬಿಡಿಯಾಗಿರುತ್ತವೆ. ಈ ಮೊಗ್ಗಿನ ಜೀವಕೋಶಗಳು ಎರಡು ಮನೆತನಗಳಿಗೆ ಸೇರಿದುವು. ಪಿಂಡದ ಪಕ್ಕೆಯಲ್ಲಿಯೇ ಹುಟ್ಟಿದುವು ಎಲುಬು, ಮೆಲ್ಲೆಲುಬು, ಮಾಂಸವನ್ನು ಎಲುಬಿಗೆ ಬಿಗಿಯುವ ಕಂಡರ, ಚರ್ಮದ ಒಳಪದರ ಇವುಗಳಾಗುತ್ತವೆ. ಇವೆಲ್ಲಕ್ಕೂ ಸಂಯೋಜಕ ಅಂಗಾಂಶವೆಂದು ಹೆಸರು. ಮಾಂಸಖಂಡದ ಕೋಶಗಳಾದರೋ ಬೆನ್ನಿನ ಇಕ್ಕೆಲದಲ್ಲಿ ಸಾಲಾಗಿರುವ ಗಂಟುಗಳಿಂದ ಹೊರಟು ಮೊಗ್ಗಿನೊಳಕ್ಕೆ ವಲಸೆ ಬರುತ್ತವೆ. ಅವರೆಯ ಬಳ್ಳಿಯು ಚಪ್ಪರವನ್ನು ಅನುಸರಿಸಿ ಹಬ್ಬುವಂತೆ, ಅವು ಸಂಯೋಜಕ ಅಂಗಾಂಶವು ತೋರಿದ ಸ್ಥಳದಲ್ಲಿ ನೆಲಸುತ್ತವೆ.

ಇದನ್ನು ಅರಿತ ಬಗೆಯೂ ಸ್ವಾರಸ್ಯವಾಗಿದೆ. ಲಾವಕ್ಕಿಯ ಕೋಶದ ತಿರುಳು ಕೋಳಿಯದಕ್ಕಿಂತ ಬೇರೆಯಾಗಿ ಕಾಣುವುದೆಂದು ಫ್ರಾನ್ಸಿನ ವಿದುಷಿ ನಿಕೋಲ್ ಲೆ ದುವಾರಿನ್ ಅವರು 1969ರಲ್ಲಿ ತೋರಿಸಿದರು. 1977ರಲ್ಲಿ ಲಾವಕ್ಕಿಯ ಗಂಟುಗಳನ್ನು ಕೋಳಿಯ ಪಿಂಡದಲ್ಲಿ ನಾಟಿ ನೋಡಲು, ರೆಕ್ಕೆಯ ಮಾಂಸವು ಲಾವಕ್ಕಿಯದಾಗಿಯೂ ಎಲುಬು ಕಂಡರಗಳು ಕೋಳಿಯವಾಗಿಯೂ ಇದ್ದುವು.

ಬೆಳೆದ ಮೈಯಲ್ಲಿಯೂ ದುರಸ್ತಿಗಾಗಿ ಕೆಲವು ಆಕರಕೋಶಗಳು ಮೀಸಲಾಗಿರುತ್ತವೆ. ಅವು ತಮ್ಮ ಹುಟ್ಟನ್ನು ಮರೆಯುವುವೋ? ಮೆಕ್ಸಿಕೋ ದೇಶದ ಆಕ್ಸೊಲಾಟಲ್ ಎಂಬ ಜಲಚರಕ್ಕೆ ಕಾಲು ಕತ್ತರಿಸಿದರೆ ಇಡಿಯ ಕಾಲು ಮತ್ತೆ ಬೆಳೆಯುತ್ತದೆ. ಅಲ್ಲಿಯೂ ಮಾಂಸದ ಕೋಶಗಳು ಎಲುಬಾಗುವುದಿಲ್ಲವೆಂದು 2009ರಲ್ಲಿ ತಿಳಿದುಬಂದಿತು. ಸಂಯೋಜಕ ಅಂಗಾಂಶದ ಕೋಶಗಳು ಮಾತ್ರ ತಮ್ಮತಮ್ಮ ಭೇದವನ್ನು ತೊರೆದು, ಪಿಂಡದ ಮೊಗ್ಗಿನಲ್ಲಿದ್ದ ಸ್ಥಿತಿಗೆ ಮರಳಿ, ಎಲುಬು ಕಂಡರಗಳನ್ನು ಹೊಸದಾಗಿ ಕಟ್ಟುತ್ತವೆಂದು 2018ರಲ್ಲಿ ವಿಶದವಾಯಿತು.

ಮನುಷ್ಯನಿಗೆ ಇಡಿಯ ಕೈಯನ್ನು ಮರಳಿ ಬೆಳೆಸುವ ಶಕ್ತಿಯಿಲ್ಲ. ಬೆರಳಿನ ತುದಿಯೊಂದರಲ್ಲಿ ಅದರ ಅಲ್ಪಾಂಶವು ಉಳಿದಿದೆ. ಬಾಗಿಲಿಗೆ ಸಿಕ್ಕಿ ತುದಿ ಕಡಿದುಹೋದ ಮಕ್ಕಳ ಬೆರಳು, ಹೊಲಿಗೆಯಿಲ್ಲದೆ ಶುಚಿಯಾದ ಕಟ್ಟಿನಿಂದಲೇ ಮತ್ತೆ ತುಂಬಿಕೊಂಡುದನ್ನು ಇಂಗ್ಲೆಂಡಿನ ವೈದ್ಯೆ ಸಿಂತಿಯಾ ಇಲ್ಲಿಂಗ್‌ವರ್ತ್ ಅವರು 1974ರಲ್ಲಿ ಪ್ರಕಟಿಸಿದರು. ಉಗುರಿನ ಬುಡವು ಉಳಿದಿರುವುದು ಇದಕ್ಕೆ ಮುಖ್ಯ. ಅದಕ್ಕಿಂತ ಮೇಲೆ, ಅಂಗೈಯ ಕಡೆಗೆ ತುಂಡಾದರೆ ಬೆರಳು ಬೆಳೆಯದು.

ಆದುದರಿಂದ ಮನೆಯಲ್ಲಿ ಇಂತಹ ಅವಘಡ ಸಂಭವಿಸಿದರೆ ತಾಯ್ತಂದೆಗಳು ಎದೆಗುಂದಬಾರದು. ಗಾಯಕ್ಕೆ ಅರಿಸಿನ, ಕಾಫಿಪುಡಿ ಮೆತ್ತಬಾರದು. ಶುಭ್ರವಾದ ಬಟ್ಟೆಯಿಂದ ಒತ್ತಿಹಿಡಿದು, ಕೈಯನ್ನು ಮೇಲೆತ್ತಿಸಿ, ತುಂಡಾದ ಭಾಗವಿದ್ದರೆ ಒದ್ದೆಬಟ್ಟೆಯಲ್ಲಿ ಸುತ್ತಿ ಚೀಲದಲ್ಲಿಟ್ಟು, ಆ ಚೀಲವನ್ನು ಮಂಜುಗಡ್ಡೆಯ ಮೇಲಿರಿಸಿ, ಕೂಡಲೇ ವೈದ್ಯರಲ್ಲಿಗೆ ಕೊಂಡೊಯ್ಯಬೇಕು. ಹೊಲಿಯಬೇಕೋ, ಹಾಗೆಯೇ ಬಿಡಬೇಕೋ ಎಂಬುದನ್ನು ಅವರೇ ನಿಶ್ಚಯಿಸಲಿ.