ಗಣಕಯಂತ್ರದ ಕಾವಲಿಗೆ ಎಷ್ಟು ಕೊಡಬೇಕು?



ನಾನು ಸದಸ್ಯನಾಗಿರುವ ಸಣ್ಣ ಸಂಘವೊಂದರ ಕಳೆದ ಮಹಾಸಭೆಯಲ್ಲಿ ಅಂದಾಜುಪಟ್ಟಿಯ ಒಂದೇ ಒಂದು ಸಾಲು ಅರ್ಧ ಗಂಟೆಯ ಚರ್ಚೆಗೆ ಕಾರಣವಾಯಿತು. ಗೊಬ್ಬರದ ದಾಸ್ತಾನು, ಗೋದಾಮಿನ ಮಾಡು ರಿಪೇರಿ, ಸಿಬ್ಬಂದಿಯ ಬೋನಸ್ಸು ಎಲ್ಲವೂ ಕೈಯೆತ್ತುವಷ್ಟರಲ್ಲಿ ಪಾಸಾದವು. 'ಗಣಕಯಂತ್ರ ಸುರಕ್ಷತಾ ಸೇವೆ, ವಾರ್ಷಿಕ' ಎಂಬ ಸಾಲು ಬಂದಾಗ ಮಾತ್ರ ಹಿರಿಯರೊಬ್ಬರು ಎದ್ದು ನಿಂತರು. "ಅಲ್ಲ ಮಾರಾಯ್ರೆ, ಕಂಪ್ಯೂಟರಿಗೆ ದುಡ್ಡು ಕೊಟ್ಟಾಯಿತು, ಅದರ ಸಾಫ್ಟ್‌ವೇರಿಗೂ ಕೊಟ್ಟಾಯಿತು. ಈಗ ಅದನ್ನು ಕಾಯಲಿಕ್ಕೆ ಬೇರೆ ದುಡ್ಡಾ? ನಮ್ಮಲ್ಲಿ ಕದಿಯಲಿಕ್ಕೆ ಉಂಟಾದರೂ ಏನು?" ಸಭೆ ನಕ್ಕಿತು. ವಿಷಯವನ್ನು ಮುಂದಿನ ಸಭೆಗೆ ಮುಂದೂಡಲಾಯಿತು. ನಗುವವರಲ್ಲಿ ನಾನೂ ಒಬ್ಬನಾಗಿದ್ದೆನೆಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ.

ನನ್ನ ನಗು ನಿಂತದ್ದು ಮಳೆಗಾಲಕ್ಕೆ ಮೊದಲು, ಮೈಲುತುತ್ತು ತರಿಸುವ ಸಮಯದಲ್ಲಿ. ಸರಕು ಒದಗಿಸುವವರ ಹೆಸರಿನಲ್ಲಿ ಸಂಘಕ್ಕೆ ಒಂದು ಇ-ಮೇಲ್ ಬಂತು. ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಮುಂಗಡವನ್ನು ಈ ಹೊಸ ಖಾತೆಗೆ ಕಳುಹಿಸಿರಿ ಎಂದು. ಬಿಲ್ಲಿನ ಸಂಖ್ಯೆ ಸರಿ, ಮೊತ್ತ ಸರಿ, ಕೊನೆಯಲ್ಲಿ ಬರೆಯುವ ವಂದನೆಯೂ ಅವರದೇ ಧಾಟಿ. ಲೆಕ್ಕಪತ್ರ ನೋಡುವ ಹುಡುಗಿಗೆ ಹಳೆಯ ಫೋನ್ ನಂಬರಿಗೆ ಒಮ್ಮೆ ಕರೆ ಮಾಡಿ ಕೇಳುವ ಅಭ್ಯಾಸವಿತ್ತು. ಕೇಳಿದಳು. ಅವರ ಖಾತೆ ಬದಲಾಗಿಯೇ ಇರಲಿಲ್ಲ! ನಮ್ಮ ಬಿಲ್ಲಿನ ವಿವರವನ್ನು ಯಾರೋ ಎಲ್ಲಿಂದಲೋ ಓದುತ್ತಾ ಕುಳಿತಿದ್ದರು. ನಮ್ಮ ಯಂತ್ರದಿಂದಲೋ ಅವರ ಯಂತ್ರದಿಂದಲೋ ಎಂಬುದು ಇಂದಿಗೂ ಗೊತ್ತಾಗಿಲ್ಲ, ಏಕೆಂದರೆ ಅದನ್ನು ತಿಳಿಯುವ ಸಾಧನ ಎರಡೂ ಕಡೆ ಇರಲಿಲ್ಲ.

ಹಾಗಾದರೆ ಕದಿಯಲಿಕ್ಕೆ ನಮ್ಮಲ್ಲಿ ಏನುಂಟು? ಪುತ್ತೂರು, ಸುಳ್ಯ, ಕಡಬದ ಯಾವುದೇ ಸಹಕಾರಿ ಸಂಘದ ಕಚೇರಿಗೆ ಹೋಗಿ ನೋಡಿರಿ. ಸದಸ್ಯರ ಠೇವಣಿ, ಅಡಿಕೆ ಈಡಿನ ಸಾಲ, ಬೆಳೆಸಾಲ, ಪಹಣಿಯ ವಿವರ, ಆಧಾರ್ ಪ್ರತಿ, ಗೊಬ್ಬರದ ಬೆರಳಚ್ಚಿನ ಯಂತ್ರ ಎಲ್ಲವೂ ಅಲ್ಲಿವೆ. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕೆ ಕೇಂದ್ರ ಸರಕಾರವು 2022ರ ಜೂನ್ 29ರಂದು ಒಪ್ಪಿಗೆ ಕೊಟ್ಟಾಗ 63,000 ಸಂಘಗಳಿಗೆ 2,516 ಕೋಟಿ ರೂಪಾಯಿ ಎಂದು ಗೊತ್ತುಪಡಿಸಿತು. ಒಳ್ಳೆಯದೇ. ಆದರೆ ಸಾಮಾನ್ಯ ತಂತ್ರಾಂಶವು ದೂರದಲ್ಲೆಲ್ಲೋ ಭದ್ರವಾಗಿದ್ದರೂ, ಅದರ ಬಾಗಿಲು ತೆರೆಯುವ ಕೀಲಿಕೈ ನಮ್ಮ ಮೇಜಿನ ಮೇಲಿನ ಯಂತ್ರದಲ್ಲಿಯೇ ಇರುವುದು. ಆ ಯಂತ್ರದಲ್ಲಿ ವಿಂಡೋಸ್ 10 ಇದ್ದರೆ, ಮೈಕ್ರೋಸಾಫ್ಟ್ ಕಂಪೆನಿಯು ಅದಕ್ಕೆ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿದೆಯೆಂಬುದೂ ನೆನಪಿರಲಿ.

ಇನ್ನೊಂದು ಸಂಗತಿಯನ್ನು ಸಭೆಯಲ್ಲಿ ಯಾರೂ ಎತ್ತಲಿಲ್ಲ. ಬ್ಯಾಂಕಿನಲ್ಲಿಟ್ಟ ಠೇವಣಿಗೆ 5 ಲಕ್ಷ ರೂಪಾಯಿವರೆಗೆ ವಿಮೆಯುಂಟು. ಪ್ರಾಥಮಿಕ ಸಂಘದಲ್ಲಿಟ್ಟ ಠೇವಣಿಗೆ ಆ ಠೇವಣಿ ವಿಮಾ ನಿಗಮದ ರಕ್ಷಣೆ ಇಲ್ಲ. ರಿಸರ್ವ್ ಬ್ಯಾಂಕು 2019ರ ಡಿಸೆಂಬರ್ 31ರಂದು ಪಟ್ಟಣ ಸಹಕಾರಿ ಬ್ಯಾಂಕುಗಳಿಗೆ ನಾಲ್ಕು ಹಂತಗಳ ಸೈಬರ್ ಸುರಕ್ಷತೆಯ ಕಟ್ಟಳೆಯನ್ನು ಹೊರಡಿಸಿತು. ಬ್ಯಾಂಕಿಂಗ್ ನಿಯಂತ್ರಣ ಕಾಯಿದೆ ನಮ್ಮ ಪತ್ತಿನ ಸಂಘಗಳಿಗೆ ಅನ್ವಯಿಸದ ಕಾರಣ ಆ ಕಟ್ಟಳೆಯೂ ನಮಗೆ ಬಾರದು. ಕಟ್ಟಳೆ ಇಲ್ಲವೆಂದು ನಾವು ಹಾಯಾಗಿದ್ದೇವೆ. ಕಳ್ಳನಿಗೆ ಇದೆಲ್ಲ ಸಂಬಂಧವಿಲ್ಲ. ಅವನು ಊರು ನೋಡಿ ಬರುವುದಿಲ್ಲ, ಅವನ ಯಂತ್ರವು ಲೋಕದ ಎಲ್ಲ ಬಾಗಿಲುಗಳನ್ನೂ ತಳ್ಳಿ ನೋಡುತ್ತಾ ಹೋಗುತ್ತದೆ, ತೆರೆದದ್ದರೊಳಗೆ ನುಗ್ಗುತ್ತದೆ.

ಪುಣೆಯ ಕಾಸ್ಮೋಸ್ ಸಹಕಾರಿ ಬ್ಯಾಂಕಿನ ಕತೆಯನ್ನು ಹಲವರು ಪತ್ರಿಕೆಯಲ್ಲಿ ಓದಿರಬಹುದು. 1906ರಲ್ಲಿ ಹುಟ್ಟಿದ ಹಳೆಯ ಸಂಸ್ಥೆ. 2018ರ ಆಗಸ್ಟ್ 11 ಮತ್ತು 13ರಂದು ಅಲ್ಲಿಂದ 94 ಕೋಟಿ ರೂಪಾಯಿಗೂ ಮಿಕ್ಕಿ ಹಣ ಹೋಯಿತು. ನಕಲಿ ಕಾರ್ಡುಗಳ ಮೂಲಕ 28 ದೇಶಗಳ ಎ.ಟಿ.ಎಂ.ಗಳಿಂದ ಹಣ ತೆಗೆದರು. ನನ್ನ ಗಮನ ಸೆಳೆದದ್ದು ತಾರೀಕು. ಆಗಸ್ಟ್ 11 ಎರಡನೆಯ ಶನಿವಾರ, ಬ್ಯಾಂಕುಗಳಿಗೆ ರಜೆ. ತೋಟದ ಅಂಗಳದಲ್ಲಿ ಹರವಿದ ಅಡಿಕೆಗೆ ಕೈಹಾಕುವವನೂ ಮನೆಯವರೆಲ್ಲ ಮದುವೆಗೋ ಜಾತ್ರೆಗೋ ಹೋದ ದಿನವನ್ನೇ ನೋಡುತ್ತಾನಲ್ಲವೇ? ನಮ್ಮ ಕಚೇರಿ ಸಂಜೆ ಮುಚ್ಚಿದರೆ ಮರುದಿನ ಬೆಳಿಗ್ಗೆಯವರೆಗೆ ಯಂತ್ರದ ಕಡೆ ನೋಡುವವರು ಯಾರೂ ಇಲ್ಲ.

ಹಾಗೆ ನೋಡುವ ಕೆಲಸವೇ ಈ 'ಸೇವೆ'. ನಮ್ಮ ಯಂತ್ರಗಳಲ್ಲಿ ಒಂದು ಸಣ್ಣ ತಂತ್ರಾಂಶ ಹಾಕುತ್ತಾರೆ. ಯಂತ್ರದಲ್ಲಿ ನಡೆಯುವುದರ ವರದಿ ಹಗಲೂ ರಾತ್ರಿಯೂ ಅವರ ಕೇಂದ್ರಕ್ಕೆ ಹೋಗುತ್ತಿರುತ್ತದೆ. ಸಂಶಯ ಕಂಡರೆ ಅಲ್ಲಿ ಪಾಳಿಯಲ್ಲಿ ಕುಳಿತವರು ನಮಗೆ ತಿಳಿಸುತ್ತಾರೆ, ಅಥವಾ ಆ ಯಂತ್ರವನ್ನು ಜಾಲದಿಂದ ಬೇರ್ಪಡಿಸುತ್ತಾರೆ. ಕಂಪೆನಿಗಳು ಕಾಲಕಾಲಕ್ಕೆ ಕಳುಹಿಸುವ ತಿದ್ದುಪಡಿಗಳನ್ನು ಹಾಕುವುದು, ಲೆಕ್ಕದ ನಕಲು ಇಡುವುದು ಕೆಲವರ ಕರಾರಿನಲ್ಲಿ ಸೇರಿರುತ್ತದೆ, ಕೆಲವರದರಲ್ಲಿ ಇರುವುದಿಲ್ಲ.

ಖರ್ಚಿನ ಮಾತಿಗೆ ಬರೋಣ. ಸಾಧಾರಣವಾಗಿ ಯಂತ್ರವೊಂದಕ್ಕೆ ತಿಂಗಳಿಗೆ ಇಷ್ಟು ಎಂದು ದರ ಹೇಳುತ್ತಾರೆ. ಲೆಕ್ಕಕ್ಕಾಗಿ ಎಂಟು ಯಂತ್ರ, ಒಂದಕ್ಕೆ ತಿಂಗಳಿಗೆ 1,000 ರೂಪಾಯಿ ಎಂದು ಹಿಡಿಯೋಣ. ವರ್ಷಕ್ಕೆ 96,000 ಆಯಿತು. ಸಂಘದಲ್ಲಿ 2,000 ಸದಸ್ಯರಿದ್ದರೆ ತಲೆಗೆ 48 ರೂಪಾಯಿ. ಕಾಲು ಕಿಲೋ ಚಾಲಿ ಅಡಿಕೆಯ ಬೆಲೆಯೂ ಅಲ್ಲ. ಸ್ವಂತ ಕಾವಲು ಇಡುತ್ತೇವೆಂದರೆ? ವಾರಕ್ಕೆ 168 ಗಂಟೆ, ಒಬ್ಬನ ದುಡಿಮೆ 48 ಗಂಟೆ. ಒಂದು ಕುರ್ಚಿ ಖಾಲಿಯಾಗದಂತೆ ನೋಡಲು ನಾಲ್ಕು ಜನ ಬೇಕು, ರಜೆ ಕಾಯಿಲೆಗೆ ಮತ್ತೊಬ್ಬ. ನಾಲ್ವರಿಗೆ ತಿಂಗಳಿಗೆ 25,000ದಂತೆ ಕೊಟ್ಟರೂ ವರ್ಷಕ್ಕೆ 12 ಲಕ್ಷ. ಆ ಸಂಬಳಕ್ಕೆ ಈ ವಿದ್ಯೆ ಬಲ್ಲವರು ಘಟ್ಟದ ಬುಡಕ್ಕೆ ಬರುವುದಾದರೆ ನನಗೂ ತಿಳಿಸಿ!

ಹಾಗೆಂದು ದುಡ್ಡು ಕೊಟ್ಟು ನಿದ್ದೆ ಮಾಡಬಹುದೆಂದು ನಾನು ಹೇಳುತ್ತಿಲ್ಲ. ಮಾರಲು ಬರುವವರು ಹೇಳದ ಒಂದು ಸಂಗತಿಯಿದೆ. ಸ್ವೀಡನ್ ದೇಶದಲ್ಲಿ ಕೂಪ್ ಎಂಬ ಗ್ರಾಹಕ ಸಹಕಾರಿ ಸಂಸ್ಥೆಯುಂಟು. 2021ರ ಜುಲೈ ಮೊದಲ ವಾರದಲ್ಲಿ ಅದರ ಸುಮಾರು 800 ಅಂಗಡಿಗಳು ಬಾಗಿಲು ಹಾಕಬೇಕಾಯಿತು, ಏಕೆಂದರೆ ಹಣ ಎಣಿಸುವ ಯಂತ್ರಗಳೇ ತೆರೆಯಲಿಲ್ಲ. ಕಳ್ಳರು ಕೂಪ್‌ನ ಬಾಗಿಲು ಒಡೆದಿರಲಿಲ್ಲ. ದೂರದಿಂದ ಯಂತ್ರಗಳನ್ನು ನೋಡಿಕೊಳ್ಳಲು ಸೇವಾದಾರರು ಬಳಸುತ್ತಿದ್ದ ಕಸೇಯಾ ಎಂಬ ಕಂಪೆನಿಯ ತಂತ್ರಾಂಶದ ಮೂಲಕವೇ ನುಗ್ಗಿದ್ದರು. ಆ ದಿನವೂ ಶುಕ್ರವಾರ, ಅಮೆರಿಕದ ಸ್ವಾತಂತ್ರ್ಯ ದಿನದ ರಜೆಯ ಮುನ್ನ. ನಮ್ಮ ದೇಶದಲ್ಲಿಯೂ 2024ರ ಜುಲೈ ಕೊನೆಗೆ ಸಿ-ಎಡ್ಜ್ ಎಂಬ ಸೇವಾ ಕಂಪೆನಿಯ ಮೇಲೆ ಒತ್ತೆಹಣದ ದಾಳಿಯಾಯಿತು. ರಾಷ್ಟ್ರೀಯ ಪಾವತಿ ನಿಗಮವು ಮುನ್ನೆಚ್ಚರಿಕೆಗಾಗಿ ಅದರ ಸಂಪರ್ಕವನ್ನು ಕಡಿದ ಕಾರಣ, ಅದನ್ನೇ ನೆಚ್ಚಿದ್ದ ಸುಮಾರು 300 ಸಣ್ಣ ಬ್ಯಾಂಕುಗಳ ಗ್ರಾಹಕರಿಗೆ ಯು.ಪಿ.ಐ., ಎ.ಟಿ.ಎಂ. ನಿಂತಿತು. ಬಹುತೇಕ ಸಹಕಾರಿ ಮತ್ತು ಗ್ರಾಮೀಣ ಬ್ಯಾಂಕುಗಳು. ಕಾವಲುಗಾರನ ಕೈಗೆ ಎಲ್ಲ ಕೋಣೆಯ ಬೀಗದ ಕೈಗೊಂಚಲು ಕೊಟ್ಟ ಮೇಲೆ ಅವನ ಮನೆಯ ಬಾಗಿಲು ಭದ್ರವೇ ಎಂದೂ ಕೇಳಬೇಕಾಗುತ್ತದೆ.

ಆದುದರಿಂದ ಕರಾರಿಗೆ ರುಜು ಹಾಕುವ ಮೊದಲು ಆಡಳಿತ ಮಂಡಳಿಯವರು ಕೆಲವನ್ನು ಬಾಯಿಬಿಟ್ಟು ಕೇಳಲೇಬೇಕು. ಭಾನುವಾರ ರಾತ್ರಿ ಎರಡು ಗಂಟೆಗೆ ಫೋನ್ ಎತ್ತುವವರು ಯಾರು, ಅವರು ಕನ್ನಡ ಬಲ್ಲರೇ, ನಮ್ಮ ಯಂತ್ರವನ್ನು ತಕ್ಷಣ ಜಾಲದಿಂದ ಕಡಿಯುವ ಅಧಿಕಾರ ಅವರಿಗಿದೆಯೇ ಅಥವಾ ಕಾರ್ಯದರ್ಶಿಯನ್ನು ಎಬ್ಬಿಸಿಯೇ ಆಗಬೇಕೇ? ಕೇಂದ್ರ ಸರಕಾರದ ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರ ಆದೇಶದಲ್ಲಿ ಇಂಥ ಘಟನೆ ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕು, ಯಂತ್ರಗಳ ದಾಖಲೆಯನ್ನು 180 ದಿನ ಇಟ್ಟುಕೊಳ್ಳಬೇಕು ಎಂದಿದೆ. ಆ ವರದಿಯನ್ನು ಬರೆಯುವವರು ನಾವೋ ಅವರೋ? ಮುಖ್ಯ ಪಾಸ್‌ವರ್ಡಿನ ಒಂದು ಪ್ರತಿ ಲಕೋಟೆಯಲ್ಲಿ ಮೊಹರಾಗಿ ನಮ್ಮ ತಿಜೋರಿಯಲ್ಲಿರುತ್ತದೆಯೇ? ನಾಳೆ ಅವರನ್ನು ಬಿಟ್ಟು ಬೇರೆಯವರನ್ನು ಹಿಡಿಯುವುದಾದರೆ ನಮ್ಮ ದಾಖಲೆ ನಮಗೆ ಸಿಗುತ್ತದೆಯೇ? ಇದಕ್ಕೆಲ್ಲ ಬರಹದಲ್ಲಿ ಉತ್ತರ ಕೊಡದವರಿಗೆ 1,000 ಅಲ್ಲ, 100 ರೂಪಾಯಿಯೂ ದಂಡ.

ದುಡ್ಡಿಲ್ಲದೆ ಆಗುವ ಕೆಲಸಗಳನ್ನು ಮಾಡದೆ ಸೇವೆ ಕೊಳ್ಳುವುದಂತೂ ವ್ಯರ್ಥ. ಮೈಲುತುತ್ತಿನ ಪ್ರಕರಣದಲ್ಲಿ ನಮ್ಮನ್ನು ಉಳಿಸಿದ್ದು ಒಂದು ಫೋನ್ ಕರೆ. ಖಾತೆ ಬದಲಾವಣೆಯ ಪತ್ರ ಬಂದರೆ ಹಳೆಯ ನಂಬರಿಗೆ ಕೇಳದೆ ಹಣ ಕಳುಹಿಸಬಾರದು, ದೊಡ್ಡ ಮೊತ್ತಕ್ಕೆ ಇಬ್ಬರ ಒಪ್ಪಿಗೆ ಬೇಕು ಎಂಬ ನಿರ್ಣಯವನ್ನು ನಡಾವಳಿ ಪುಸ್ತಕದಲ್ಲಿ ಬರೆದಿಟ್ಟರೆ ಸಾಕು. ದಿನದ ಲೆಕ್ಕದ ನಕಲನ್ನು ಹೊರಗಿನ ಡಿಸ್ಕಿಗೆ ತೆಗೆದು, ತಂತಿ ಕಳಚಿ, ಬೇರೆ ಕಟ್ಟಡದಲ್ಲಿಡಬೇಕು. ತಂತಿ ಸಿಕ್ಕಿಸಿಯೇ ಇಟ್ಟ ನಕಲನ್ನು ಕಳ್ಳನೂ ಮುಚ್ಚುತ್ತಾನೆ, ಸಿಡಿಲೂ ಸುಡುತ್ತದೆ. ಸಂಪಾಜೆ, ಸುಬ್ರಹ್ಮಣ್ಯದ ಕಡೆಯವರಿಗೆ ಸಿಡಿಲಿನ ವಿಷಯ ಬಿಡಿಸಿ ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಲೈನ್ ಹೋದಾಗ ದೂರದ ಕಾವಲುಗಾರನ ಕಣ್ಣೂ ಮುಚ್ಚುತ್ತದೆಂಬುದನ್ನು ಕರಾರು ಮಾಡುವವರು ಮರೆಯುತ್ತಾರೆ. ತೆಗೆದಿಟ್ಟ ನಕಲಿನಿಂದ ಲೆಕ್ಕ ಮರಳಿ ಬರುತ್ತದೆಯೇ ಎಂದು ಮೂರು ತಿಂಗಳಿಗೊಮ್ಮೆ ಬೇರೆ ಯಂತ್ರದಲ್ಲಿ ತೆರೆದು ನೋಡುವುದೂ ಆಗಬೇಕು. ಹಣ ಹೋಯಿತೆಂದು ಗೊತ್ತಾದ ಕೂಡಲೇ 1930ಕ್ಕೆ ಕರೆ ಮಾಡಬೇಕೆಂದು ಗೋಡೆಯ ಮೇಲೆ ದೊಡ್ಡದಾಗಿ ಬರೆದಿಡಿರಿ.

ಕೊಳೆರೋಗಕ್ಕೆ ಕಾರಣವೇನೆಂದು ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿ ಮೈಸೂರು ಸೀಮೆಯಲ್ಲಿ 1910ರ ಸುಮಾರಿಗೆ ಬರೆದ. ಮಳೆ ಹಿಡಿಯುವ ಮೊದಲೇ ಬೋರ್ಡೋ ಬಿಡಬೇಕು, ನಲವತ್ತೈದು ದಿನದೊಳಗೆ ಮತ್ತೊಮ್ಮೆ ಬಿಡಬೇಕು ಎಂಬುದನ್ನು ಇಂದು ನಮ್ಮಲ್ಲಿ ಯಾರೂ ಪ್ರಶ್ನಿಸುವುದಿಲ್ಲ. ಮದ್ದು ಬಿಟ್ಟ ವರ್ಷ ಕೊಳೆ ಬಾರದಿದ್ದರೆ "ಮದ್ದಿನ ದುಡ್ಡು ದಂಡವಾಯಿತು" ಎನ್ನುವವರೂ ಇಲ್ಲ. ಆದರೆ ಇಲ್ಲೊಂದು ವ್ಯತ್ಯಾಸವಿದೆ. ಒಬ್ಬೊಬ್ಬನೇ ತನ್ನ ತೋಟಕ್ಕೆ ಮದ್ದು ಬಿಡಬಹುದು. ಗಣಕಯಂತ್ರದ ಕಾವಲನ್ನು ಸಣ್ಣ ಸಂಘವೊಂದು ಒಂಟಿಯಾಗಿ ಚೌಕಾಸಿ ಮಾಡಿ ಕೊಳ್ಳಲಾರದು. ಎಂಟು ಯಂತ್ರದ ಗಿರಾಕಿಯನ್ನು ನಗರದ ಕಂಪೆನಿ ಬಾಗಿಲಲ್ಲೇ ನಿಲ್ಲಿಸುತ್ತದೆ, ತಾನು ಹೇಳಿದ ಕರಾರಿಗೆ ರುಜು ಹಾಕಿಸುತ್ತದೆ.

ಅಡಿಕೆ ಧಾರಣೆ ಕುಸಿದು ಕಂಗಾಲಾದ ಬೆಳೆಗಾರರು 1973ರಲ್ಲಿ ಕ್ಯಾಂಪ್ಕೊ ಕಟ್ಟಿದ್ದು ಒಬ್ಬೊಬ್ಬರ ಬಲದಿಂದಲ್ಲ. ಕೊಕ್ಕೋ ಕೊಳ್ಳುವವರಿಲ್ಲದಾದಾಗ 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟು ಕಾರ್ಖಾನೆ ಎದ್ದದ್ದೂ ಹಾಗೆಯೇ. ಮೂರು ತಾಲೂಕುಗಳ ಮೂವತ್ತು ಸಂಘಗಳು ಕೂಡಿದರೆ ಇನ್ನೂರಕ್ಕೂ ಹೆಚ್ಚು ಯಂತ್ರಗಳಾಗುತ್ತವೆ. ಆಗ ಕರಾರು ನಾವು ಬರೆಯಬಹುದು, ದರ ನಾವು ಇಳಿಸಬಹುದು, ಸಂಘದಿಂದ ಸಂಘಕ್ಕೆ ಹೋಗಿ ಸಿಬ್ಬಂದಿಗೆ ಕಲಿಸುವ ನಮ್ಮದೇ ಊರಿನ ಒಬ್ಬ ತಿಳಿದ ಹುಡುಗನನ್ನೋ ಹುಡುಗಿಯನ್ನೋ ಪೂರ್ಣಾವಧಿಗೆ ಇಟ್ಟುಕೊಳ್ಳಬಹುದು. ಬೆಂಗಳೂರಿಗೆ ಹೋಗಿ ಇದೇ ವಿದ್ಯೆಯಿಂದ ದುಡಿಯುವ ಮಕ್ಕಳು ನಮ್ಮ ಎಷ್ಟು ಮನೆಗಳಲ್ಲಿಲ್ಲ? ಬೇಡಿಕೆಯ ಪತ್ರ ಬರೆಯುವಾಗ ರಜೆಗೆ ಬಂದ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡರೆ ಮಾರುವವರ ಮಾತು ಅರ್ಧ ಕಡಿಮೆಯಾದೀತು.

ಇದಕ್ಕೆ ಮೊದಲ ಹೆಜ್ಜೆ ದೊಡ್ಡದೇನಲ್ಲ. ಪ್ರತಿ ಸಂಘದವರೂ ತಮ್ಮಲ್ಲಿ ಎಷ್ಟು ಯಂತ್ರಗಳಿವೆ, ಅವು ಯಾವ ಕಾಲದವು, ನಕಲು ಎಲ್ಲಿ ಇಡುತ್ತೀರಿ, ಈಗ ಯಾರಿಗೆ ಎಷ್ಟು ಕೊಡುತ್ತೀರಿ ಎಂಬ ನಾಲ್ಕು ಸಂಗತಿಗಳನ್ನು ಒಂದು ಹಾಳೆಯಲ್ಲಿ ಬರೆದು ಮುಂದಿನ ಮಹಾಸಭೆಯ ಮೊದಲು ತಾಲೂಕು ಮಟ್ಟದಲ್ಲಿ ಒಟ್ಟು ಮಾಡಲಿ. ನಮ್ಮ ಸಂಘದ ಹಾಳೆಯನ್ನು ನಾನೇ ಕುಳಿತು ಬರೆಸಿದ್ದೇನೆ. ಏಳು ಯಂತ್ರಗಳಿವೆಯೆಂದು ಕಾರ್ಯದರ್ಶಿಯವರು ಹೇಳಿದ್ದರು. ಎಣಿಸುವಾಗ ಒಂಬತ್ತು ಸಿಕ್ಕಿದವು.